ಇಂಗ್ಲಿಷಿನ ಹ್ಯಾವ್ ಎಲ್ಲಿ ಬೇಕು, ಎಲ್ಲಿ ಬೇಡ: ಆನ್‌ಲೈನ್ ಬ್ಯಾಚಿನಲ್ಲಿ ನನ್ನ ಅನುಭವ

"ಗ್ರಾಮರ್ ಅಂದ್ರೆ ಬೋರ್ಡ್ ಮುಂದೆ ಕೂರಿಸಿ ಕಲಿಸೋದು ಮೇಷ್ಟ್ರೇ, ಮೊಬೈಲಲ್ಲಿ ಆಗೋ ಕೆಲಸ ಅಲ್ಲ" ಅಂತ ದಾವಣಗೆರೆಯಲ್ಲಿ ಸ್ಪೋಕನ್ ಇಂಗ್ಲಿಷ್ ಕಲಿಸುವ ಹಲವರು ಹೇಳಿದ್ದರು. ಅವರಲ್ಲೇ ಇಬ್ಬರು ಈಗ ನನ್ನ ಪಾಠದ ರೆಕಾರ್ಡಿಂಗ್ ಕೇಳಿ ತರಿಸಿಕೊಂಡಿದ್ದಾರೆ. ಅದಕ್ಕೇ, ಮೊಬೈಲಲ್ಲಿ ಸ್ಪೋಕನ್ ಇಂಗ್ಲಿಷ್ ಕಲಿಸೋ ನನ್ನ ಅನುಭವ ಬರೀತಿದ್ದೇನೆ. ಟೆನ್ಸ್ ಚಾರ್ಟು (ಕ್ರಿಯಾಪದದ ಕಾಲರೂಪಗಳ ಪಟ್ಟಿ), ವಾಟ್ಸಾಪ್ ಗ್ರೂಪು ಎಲ್ಲ ಇಂಗ್ಲಿಷ್ ಕಲಿಸೋ ನಿಮಗೆ ಗೊತ್ತಿರೋದೇ.

ಮೊದಲು ದುಡ್ಡಿನ ಮಾತು. ರಿಂಗ್ ಲೈಟು, ಮೈಕು, ಬರೆಯೋ ಪ್ಯಾಡು ಸೇರಿ ಹತ್ತು ಹನ್ನೊಂದು ಸಾವಿರ ಹೋಯ್ತು. ಹನ್ನೆರಡು ಟೆನ್ಸಿಗೂ ವಿಡಿಯೊ ಮಾಡಿ 499ಕ್ಕೆ ಮಾರಿದೆ. ಕೊಂಡವರು ಮೂವತ್ತರ ಆಸುಪಾಸು, ಮೂರನೇ ವಿಡಿಯೊ ದಾಟಿದವರು ಐದಾರು ಜನ. ಲೈವ್ ಕ್ಲಾಸಿನಲ್ಲಿ ಉಚಿತ ಮೀಟಿಂಗ್ 40 ನಿಮಿಷಕ್ಕೆ ನಿಲ್ಲುತ್ತಿತ್ತು. ಮತ್ತೆ ಲಿಂಕ್ ಕಳಿಸಿದರೆ ಅರ್ಧ ಜನ ವಾಪಸ್ ಬರ್ತಿರಲಿಲ್ಲ.

ಆಮೇಲೆ ಚಾರ್ಟ್ ಪಕ್ಕಕ್ಕಿಟ್ಟೆ. ದಿನಾ ರಾತ್ರಿ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಬೇಕು, ಇವತ್ತು ಏನೇನಾಯ್ತು ಹೇಳಬೇಕು, ಅಷ್ಟೆ. ಮಾರನೇ ದಿನದ ಪಾಠ ಅವರ ಮಾತಿನಿಂದಲೇ ಹುಟ್ಟುತ್ತೆ. ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯೋ ಹುಡುಗಿ ಕಳಿಸಿದ್ದು: "ಐ ಹ್ಯಾವ್ ಸೆಂಟ್ ದ ಬಿಲ್ ಎಸ್ಟರ್ಡೇ. ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ 2021." ನಮ್ಮ ಕಡೆಯವರ ಕಷ್ಟವೆಲ್ಲ ಈ ಎರಡು ವಾಕ್ಯದಲ್ಲಿದೆ. "ನಿನ್ನೇನೇ ಬಿಲ್ ಕಳಿಸಿದ್ದೀನಿ" ಅನ್ನೋದು ನಮಗೆ ಸಹಜ, ಹಾಗಾಗಿ ಬೇಡದ ಕಡೆ ಹ್ಯಾವ್ ನುಗ್ಗುತ್ತೆ. "2021ರಿಂದ ಕೆಲಸ ಮಾಡ್ತಾ ಇದ್ದೀನಿ" ಅನ್ನೋದೂ ಸಹಜ, ಬೇಕಾದ ಕಡೆ ಬಿಟ್ಟುಹೋಗುತ್ತೆ. ಚಾರ್ಟಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಮನೆ. ನಾನು ಒಂದೇ ಪಾಠದಲ್ಲಿ ಎದುರುಬದುರು ಇಡ್ತೇನೆ.

ತಿದ್ದೋದಿಲ್ಲ, ಕೇಳ್ತೇನೆ. "ಬಿಲ್ ಹೋಗಿದೆ ಅಂತಷ್ಟೇ ಹೇಳ್ತಿದ್ದೀಯೇನಮ್ಮಾ, ಇಲ್ಲ ಯಾವಾಗ ಕಳಿಸಿದೆ ಅಂತಾನಾ?"

"ಯಾವಾಗ ಅಂತ ಸರ್."

"ಹಂಗಾದ್ರೆ ಹ್ಯಾವ್ ಯಾಕೆ?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ಐ ಸೆಂಟ್ ಇಟ್ ಎಸ್ಟರ್ಡೇ" ಅಂದಳು. ಎರಡನೆಯದಕ್ಕೆ ಪ್ರಶ್ನೆ ಬೇರೆ: ಕೆಲಸ ಇನ್ನೂ ನಡೀತಿದೆಯಾ, ಯಾವಾಗಿಂದ ಅಂತಲೂ ಹೇಳಬೇಕಾ? ಎರಡಕ್ಕೂ ಹೌದು ಅಂದರೆ ಹ್ಯಾವ್ ಬೀನ್: "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2021." ಟೆನ್ಸಿನ ಹೆಸರು ಹೇಳೋದು ವಾರ ಕಳೆದ ಮೇಲೆ. ಮೊದಲ ವಾರ ವಾಕ್ಯಗಳನ್ನು ಯಾವ ಕ್ರಮದಲ್ಲಿ ತರ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ, ಹೊಟ್ಟೆಪಾಡು ಅದರ ಮೇಲಿದೆ.

ನಡುವೆ ಮ್ಯೂಟ್ ಮಾಡಿದ ಕ್ರಿಕೆಟ್ ತುಣುಕು ಹಾಕಿ ಕಾಮೆಂಟರಿ ಹೇಳಿಸಿ ನೋಡಿದೆ. ಹೊಡೆಯುವಾಗ "ಹಿ ಡ್ರೈವ್ಸ್", ಕ್ಯಾಚ್ ಬಿಟ್ಟ ಕೂಡಲೇ "ಹಿ ಹ್ಯಾಸ್ ಡ್ರಾಪ್ಡ್ ಇಟ್". ಆಗಷ್ಟೇ ಆದದ್ದಕ್ಕೆ ಹ್ಯಾಸ್ ಅಂತ ಹುಡುಗರಿಗೆ ವಿವರಿಸೋದೇ ಬೇಕಾಗಲಿಲ್ಲ. ಬೆಳಗಿನ ಬ್ಯಾಚಿಗೆ ಬೆಣ್ಣೆ ದೋಸೆಯ ವಿಡಿಯೊ ಹಾಕಿದೆ. ಎಲ್ಲರೂ ಹಿಟ್ಟಿನ ಹದದ ಬಗ್ಗೆ ಕನ್ನಡದಲ್ಲೇ ಚರ್ಚೆಗೆ ಇಳಿದರು, ಅದನ್ನು ಕೈಬಿಟ್ಟೆ.

ಈಗ ಬ್ಯಾಚಿಗೆ ಎಂಟು ಜನ, ತಿಂಗಳಿಗೆ 700. ಲೈಟು ಮೈಕಿಗೆ ಹಾಕಿದಷ್ಟು ದುಡ್ಡು ಎರಡು ಮೂರು ತಿಂಗಳ ಫೀಸಿನಲ್ಲೇ ಬಂತು. ಎಂಟರಲ್ಲಿ ಆರೇಳು ಜನ ಕೊನೆವರೆಗೂ ಉಳೀತಾರೆ, ನಮ್ಮೂರಿನ ಬೋರ್ಡ್ ಕ್ಲಾಸುಗಳಲ್ಲಿ ನಾನು ಈ ಹಾಜರಾತಿ ಕಂಡಿಲ್ಲ. ವಾಯ್ಸ್ ಮೆಸೇಜ್ ಕೇಳಿ ಬರೆದುಕೊಳ್ಳೋಕೆ ರಾತ್ರಿ ಒಂದು ಗಂಟೆಯಾದರೂ ಬೇಕು, ಎಂಟಕ್ಕಿಂತ ಹೆಚ್ಚು ಜನ ಸೇರಿಸಿಕೊಂಡರೆ ನಡೆಯಲ್ಲ. ನಾಮಪದದ ಮುಂದೆ ಬರೋ 'ಎ', 'ದ' ಮಾತ್ರ ಈ ದಾರಿಗೆ ಇನ್ನೂ ಬಗ್ಗಿಲ್ಲ. ಮುಂದಿನ ಬ್ಯಾಚಿನಲ್ಲಿ ಅದನ್ನೇ ಹಿಡಿಯಬೇಕು ಅಂತಿದ್ದೇನೆ.