ಉಪ್ಪುಗಾಳಿಗೆ, ಮಳೆಗೆ ಒಗ್ಗಿದ ನನ್ನ ಅವೆಂಜರ್

ನನ್ನ ಬಳಿ ಇರುವುದು 2016ರ ಅವೆಂಜರ್ 220 ಕ್ರೂಸ್, ಕಾಲು ಮುಂದಿಟ್ಟು ತಗ್ಗಿನಲ್ಲಿ ಕೂರುವ ಬಜಾಜಿನ ಕ್ರೂಸರ್ ಬೈಕು. ಕೊಟ್ಟಾರದಲ್ಲಿ ಪರಿಚಯದವರೊಬ್ಬರು ಕಾರು ತೆಗೆದುಕೊಂಡ ಮೇಲೆ ಅಂಗಳದ ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ಗಾಡಿ, ಸೆಕೆಂಡ್ ಹ್ಯಾಂಡಿಗೆ ನನಗೆ ಸಿಕ್ಕಿತು. ಕೆಲಸ ಮಂಗಳೂರಲ್ಲಿ, ಅಮ್ಮ ಇರುವುದು ಬ್ರಹ್ಮಾವರದಲ್ಲಿ. ವಾರದ ಕೊನೆಗೆ ಹೆದ್ದಾರಿ 66ರಲ್ಲಿ ಸುಮಾರು 70 ಕಿಲೋಮೀಟರ್ ಹೋಗಿ ಬರುವುದೇ ಈ ಗಾಡಿಯ ಮುಖ್ಯ ಕೆಲಸ. ಒಂದು ದಿನ ಹೆಚ್ಚಿಗೆ ರಜೆ ಸಿಕ್ಕಿದರೆ ಆಗುಂಬೆ, ಇಲ್ಲದಿದ್ದರೆ ಮರವಂತೆ. ನಾನು ಮಾಡಿಸಿದ ಬದಲಾವಣೆ ಎಲ್ಲ ಈ ದಾರಿ, ನನ್ನ ಬೆನ್ನು, ಇಲ್ಲಿನ ಮಳೆ, ಈ ಮೂರನ್ನು ನೋಡಿಕೊಂಡು ಮಾಡಿಸಿದ್ದು.

ಅವೆಂಜರಿನ ಮೂಲ ಗೊತ್ತಿದ್ದರೆ ಅದರ ಮೇಲೆ ಎಷ್ಟು ಕೆಲಸ ಮಾಡಿಸಬೇಕು, ಎಲ್ಲಿ ಕೈ ಹಿಡಿಯಬೇಕು ಎಂಬುದು ಸುಲಭವಾಗಿ ತಿಳಿಯುತ್ತದೆ. 2001ರಲ್ಲಿ ಕವಾಸಾಕಿ ಮತ್ತು ಬಜಾಜ್ ಸೇರಿ 175 ಸಿಸಿಯ ಎಲಿಮಿನೇಟರ್ ತಂದವು. ಅದೇ ಉದ್ದ ತಗ್ಗು ಚೌಕಟ್ಟಿಗೆ ಬಜಾಜಿನ ಸ್ವಂತ ಎಂಜಿನ್ ಕೂರಿಸಿ 2005ರಲ್ಲಿ ಅವೆಂಜರ್ 180 ಬಂತು. 2010ರಲ್ಲಿ 220 ಆಯಿತು, 2015ರಲ್ಲಿ ಕ್ರೂಸ್, ಸ್ಟ್ರೀಟ್ ಎಂದು ಎರಡು ಕವಲಾಯಿತು. 220ರ ಎಂಜಿನ್ ಪಲ್ಸರ್ ಕುಟುಂಬದ್ದೇ. ಒಂದೇ ಸಿಲಿಂಡರ್, ಎರಡು ಸ್ಪಾರ್ಕ್ ಪ್ಲಗ್, ಆಯಿಲ್ ಕೂಲರ್, 19 ಬಿಎಚ್‌ಪಿಯ ಆಸುಪಾಸು. ಇದರ ದೊಡ್ಡ ಲಾಭ ಏನೆಂದರೆ ಬಿಡಿಭಾಗ ಸುರತ್ಕಲ್ಲಿನಲ್ಲಿಯೂ ಸಿಗುತ್ತದೆ, ಹೆಬ್ರಿಯಲ್ಲಿಯೂ ಸಿಗುತ್ತದೆ. ಪಲ್ಸರ್ ಬಿಚ್ಚಿದ ಮೆಕ್ಯಾನಿಕ್ ಯಾರಿಗೂ ಇದು ಹೊಸತಲ್ಲ. ಎಂಜಿನ್ನಿಗೆ ನಾನು ಕೈ ಹಾಕದೆ ಇರಲಿಕ್ಕೆ ಇದೇ ಮೊದಲ ಕಾರಣ.

ಮೊದಲು ಮಾಡಿಸಿದ್ದು ಸೀಟು. ಸಾಮಾನ್ಯ ಬೈಕಿನಲ್ಲಿ ಹೊಂಡ ಬಂದರೆ ಕಾಲೂರಿ ಅರ್ಧ ಏಳಬಹುದು. ಕ್ರೂಸರಿನಲ್ಲಿ ಕಾಲು ಮುಂದೆ ಇರುವುದರಿಂದ ಏಳಲಿಕ್ಕೆ ಆಗುವುದಿಲ್ಲ, ಪೆಟ್ಟು ನೇರ ಬೆನ್ನುಮೂಳೆಯ ತುದಿಗೆ. ಅವೆಂಜರಿನ ಸೀಟು ನೋಡಲಿಕ್ಕೆ ಸೋಫಾ, ಪಡುಬಿದ್ರಿ ದಾಟಿದ ಮೇಲೆ ಅದರ ನಿಜ ಗೊತ್ತಾಗುತ್ತದೆ. ಬಂದರಿನ ಹತ್ತಿರ ಸೀಟು ಹೊಲಿಯುವ ಹಿರಿಯರೊಬ್ಬರ ಬಳಿ ಹೋದೆ. ಅವರು ಗಾಡಿ ನೋಡುವ ಮೊದಲೇ ಕೇಳಿದರು: "ನಿಮಗೆ ಮೆತ್ತಗೆ ಬೇಕಾ, ಕೂರ್ಲಿಕ್ಕೆ ಆಗ್ಬೇಕಾ?"

"ಎರಡೂ ಬೇಕಿತ್ತು ಅಣ್ಣ."

"ಎರಡೂ ಅಂತ ಇಲ್ಲ ಮಾರಾಯ್ರೆ. ಮೆತ್ತಗೆ ಉಂಟಲ್ಲ, ಅದು ಮುಲ್ಕಿಗೆ ಮುಟ್ಟುವಾಗ ಹಲಗೆ ಆಗ್ತದೆ."

ಅವರು ಹೇಳಿದ್ದು ಪೂರ್ತಿ ಸರಿ. ಮೆತ್ತನೆ ಫೋಮ್ ಅಂಗಡಿಯಲ್ಲಿ ಒತ್ತಿ ನೋಡುವಾಗ ಹಿತ. ಅರ್ಧ ಗಂಟೆ ಕೂತರೆ ಚಪ್ಪಟೆಯಾಗಿ ಮೂಳೆ ಹೋಗಿ ಸೀಟಿನ ತಳಕ್ಕೆ ತಾಗುತ್ತದೆ. ಅವರು ಹಳೆಯ ಫೋಮ್ ತೆಗೆದು ಕೆಳಗೆ ಗಟ್ಟಿ ರೀಬಾಂಡೆಡ್ ಫೋಮ್ ಹಾಕಿದರು, ಅದರ ಮೇಲೆ ಅರ್ಧ ಇಂಚಿನಷ್ಟು ಮಾತ್ರ ಮೆತ್ತನೆಯದು. ಹೊದಿಕೆ ಹಾಕುವ ಮೊದಲು ನನ್ನನ್ನು ಗಾಡಿಯ ಮೇಲೆ ಕೂರಿಸಿ, ಹ್ಯಾಂಡಲ್ ಹಿಡಿಸಿ, ಕಾಲು ಫುಟ್‌ರೆಸ್ಟಿನ ಮೇಲೆ ಇಡಿಸಿದರು. ಭಾರ ಬೀಳುವ ಎರಡು ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಲ್ಲಿ ಬ್ಲೇಡಿನಿಂದ ಸಣ್ಣಗೆ ಕೆತ್ತಿ ತಗ್ಗು ಮಾಡಿದರು. ಹಿಂದೆ ಸೊಂಟಕ್ಕೆ ತಾಗುವ ಏರನ್ನು ಒಂದಿಷ್ಟು ಎತ್ತರಿಸಿದರು. ಪೇಟೆಯಲ್ಲಿ ರೆಡಿಮೇಡ್ ಸೀಟು ಸಿಗುತ್ತದೆ, ಆದರೆ ನಿಮ್ಮ ಸೊಂಟದ ಅಳತೆ ಅದಕ್ಕೆ ಗೊತ್ತಿರುವುದಿಲ್ಲ.

ಹೊಲಿಗೆಯ ವಿಷಯ ಮಾತ್ರ ನಾನೇ ಕೇಳಿ ಮಾಡಿಸಿದ್ದು. ಚೌಕ ಚೌಕದ ಡೈಮಂಡ್ ಹೊಲಿಗೆ ಚಂದ, ಒಪ್ಪುತ್ತೇನೆ. ಆದರೆ ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಪ್ರತಿ ಸೂಜಿ ತೂತಿನಿಂದಲೂ ನೀರು ಇಳಿಯುತ್ತದೆ. ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ, ಕೂತಾಗಲೆಲ್ಲ ಪ್ಯಾಂಟ್ ಒದ್ದೆ, ಆಮೇಲೆ ವಾಸನೆ. ಹಾಗಾಗಿ ಕೂರುವ ಮೇಲ್ಭಾಗದಲ್ಲಿ ಒಂದೂ ಹೊಲಿಗೆ ಬೇಡ ಎಂದೆ. ಹೊಲಿಗೆ ಎಲ್ಲ ಬದಿಯಲ್ಲಿ, ರೆಕ್ಸಿನ್ ಅಡಿಗೆ ಒಂದು ಪದರ ಪ್ಲಾಸ್ಟಿಕ್ ಹಾಳೆ. ಮಳೆಗಾಲ ಕಳೆದರೂ ಫೋಮ್ ಒಣಗಿಯೇ ಇರುತ್ತದೆ.

ಆಮೇಲೆ ಹ್ಯಾಂಡಲ್. ನನ್ನ ಕೈ ಸ್ವಲ್ಪ ಗಿಡ್ಡ, ಹ್ಯಾಂಡಲಿಗಾಗಿ ಮುಂದೆ ಬಾಗಿದರೆ ಭುಜದ ಹಿಂದೆ ನೋವು. ಹ್ಯಾಂಡಲ್ ಬದಲಿಸದೆ ಅದರ ಕೆಳಗೆ ರೈಸರ್ ಹಾಕಿಸಿ ಸ್ವಲ್ಪ ಮೇಲಕ್ಕೆ, ಸ್ವಲ್ಪ ಹಿಂದಕ್ಕೆ ತಂದೆ. ಕೆಲಸ ಸಣ್ಣದು, ಪರೀಕ್ಷೆ ದೊಡ್ಡದು. ಹ್ಯಾಂಡಲ್ ಎತ್ತರಕ್ಕೆ ಹೋದರೆ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಮುಂದಿನ ಬ್ರೇಕಿನ ಹೋಸ್ ಎಲ್ಲವೂ ಅಷ್ಟೇ ಉದ್ದ ಎಳೆದುಕೊಳ್ಳುತ್ತವೆ. ಗಾಡಿಯನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಹ್ಯಾಂಡಲನ್ನು ಎಡದ ಕೊನೆಯಿಂದ ಬಲದ ಕೊನೆಗೆ ನಿಧಾನಕ್ಕೆ ತಿರುಗಿಸಿ. ಎಂಜಿನ್ನಿನ ಸದ್ದು ಎಲ್ಲಿಯಾದರೂ ಏರಿತು ಅಂದರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ ಎಂದೇ ಅರ್ಥ. ನಂತೂರಿನಲ್ಲಿ ಯೂ ಟರ್ನ್ ತೆಗೆಯುವಾಗ ಗಾಡಿ ತನ್ನಷ್ಟಕ್ಕೆ ಮುನ್ನುಗ್ಗಿದರೆ ಏನಾದೀತು, ಯೋಚಿಸಿ. ನನ್ನದರಲ್ಲಿ ಟ್ಯಾಂಕ್ ಎತ್ತಿ ಕೇಬಲ್ ಹೋಗುವ ದಾರಿ ಬದಲಿಸಿದಾಗ ಸರಿಯಾಯಿತು. ಅದಕ್ಕಿಂತ ಎತ್ತರದ ರೈಸರ್ ಬೇಕಿದ್ದರೆ ಉದ್ದದ ಕೇಬಲ್, ಉದ್ದದ ಹೋಸ್ ಹಾಕಿಸಲೇಬೇಕು.

ಎದೆ ನೆಟ್ಟಗೆ ಇಟ್ಟು ಕೂರುವ ಗಾಡಿಯಾದ್ದರಿಂದ ವೇಗ 70 ದಾಟಿದರೆ ಗಾಳಿ ನೇರ ಎದೆಗೆ ಹೊಡೆಯುತ್ತದೆ. ಅದಕ್ಕೆ ವಿಂಡ್‌ಶೀಲ್ಡ್ ಹಾಕಿಸಿದೆ. ಅದರ ಎತ್ತರದ ಬಗ್ಗೆ ಒಂದೇ ಮಾತು: ಮೇಲಿನ ಅಂಚು ನಿಮ್ಮ ಕಣ್ಣಿನ ಮಟ್ಟಕ್ಕಿಂತ ಕೆಳಗೇ ಇರಬೇಕು. ಕಣ್ಣಿಗೆ ಅಡ್ಡ ಬಂದರೆ ಮಳೆಯಲ್ಲಿ ಅದರ ಮೂಲಕ ನೋಡಬೇಕಾಗುತ್ತದೆ, ಅದಕ್ಕೆ ವೈಪರ್ ಇಲ್ಲ.

ಹೆಡ್‌ಲೈಟಿಗೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್ಚು, ಹಾಕಿಸಿದ್ದು ಖರ್ಚಿನ ಲೆಕ್ಕದಲ್ಲಿ ಅತಿ ಸಣ್ಣದು, ಉಪಕಾರದಲ್ಲಿ ದೊಡ್ಡದು. ಹಳೆಯ ವಯರು, ಸ್ವಿಚ್ಚು ದಾಟಿ ಬರುವಾಗ ಬಲ್ಬಿಗೆ ಸಿಗುವ ವೋಲ್ಟೇಜ್ ಕಡಿಮೆಯಾಗಿತ್ತು. ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ಬ್ಯಾಟರಿಯ ಬಳಿ ಒಮ್ಮೆ, ಬಲ್ಬಿನ ಬಳಿ ಒಮ್ಮೆ ತೋರಿಸಿದರು. ಈಗ ಸ್ವಿಚ್ಚು ರಿಲೇಯನ್ನು ಮಾತ್ರ ಕರೆಯುತ್ತದೆ, ಕರೆಂಟ್ ಬ್ಯಾಟರಿಯಿಂದ ಫ್ಯೂಸ್ ದಾಟಿ ನೇರ ಬಲ್ಬಿಗೆ. 60 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ, ಹಳೆಯ ಸ್ವಿಚ್ಚಿಗೆ ಅಷ್ಟು ಭಾರ ಉಳಿಯಿತು. ಎದುರಿನವರ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಹಾಕುವ ಮೊದಲು ಈ ಕೆಲಸ ಮಾಡಿಸಿ ನೋಡಿ.

ಇನ್ನು ಉಪ್ಪು. ಕರಾವಳಿಯಲ್ಲಿ ಕ್ರೋಮ್ ಇರುವ ಗಾಡಿ ಇಟ್ಟುಕೊಳ್ಳುವವರಿಗೆ ಇದೇ ದೊಡ್ಡ ಅಧ್ಯಾಯ. ಕ್ರೂಸಿನಲ್ಲಿ ಸ್ಪೋಕ್ ಚಕ್ರ, ಕ್ರೋಮ್ ಸೈಲೆನ್ಸರ್, ಕ್ರೋಮ್ ಕನ್ನಡಿ. ಕಡಲ ಗಾಳಿ ಒಂದು ಕಡೆ, ಹೆದ್ದಾರಿಯ ಮೀನಿನ ಲಾರಿ ಇನ್ನೊಂದು ಕಡೆ. ಐಸ್ ಕರಗಿದ ಉಪ್ಪುನೀರು ಲಾರಿಯಿಂದ ಸುರಿದು ರಸ್ತೆಯಲ್ಲಿ ಗೆರೆ ಎಳೆದಿರುತ್ತದೆ. ತಿರುವಿನಲ್ಲಿ, ಸರ್ಕಲಿನಲ್ಲಿ ಅದು ಜಾರುತ್ತದೆ. ಹಿಂದೆಯೇ ಹೋದರೆ ಆ ನೀರು ಚೈನು, ಸ್ಪೋಕು, ಬ್ರೇಕ್ ಕ್ಯಾಲಿಪರಿನ ಬೋಲ್ಟಿಗೆಲ್ಲ ಬಡಿಯುತ್ತದೆ. ನಾನು ಮೀನಿನ ಲಾರಿ ಕಂಡರೆ ಒಂದೋ ದಾಟಿ ಮುಂದೆ ಹೋಗುತ್ತೇನೆ, ಇಲ್ಲವೇ ತುಂಬ ಹಿಂದೆ ಉಳಿಯುತ್ತೇನೆ.

ಊರಿಗೆ ಮುಟ್ಟಿದ ಕೂಡಲೇ ಬಾವಿಯ ಸಿಹಿನೀರು ಪೈಪಿನಲ್ಲಿ ಮೆಲ್ಲಗೆ ಬಿಟ್ಟು ತೊಳೆಯುತ್ತೇನೆ. ಪ್ರೆಶರ್ ವಾಶ್ ಬೇಡ. ಅದು ಚಕ್ರದ ಬೇರಿಂಗಿನ ಗ್ರೀಸನ್ನೂ ತೆಗೆಯುತ್ತದೆ, ಸ್ವಿಚ್ಚಿನ ಒಳಗೂ ನೀರು ನುಗ್ಗಿಸುತ್ತದೆ. ಸ್ಪೋಕಿಗೆ ತುಕ್ಕು ಮೊದಲು ಹಿಡಿಯುವುದು ಅದನ್ನು ರಿಮ್ಮಿಗೆ ಬಿಗಿಯುವ ನಿಪ್ಪಲಿನ ಬುಡದಲ್ಲಿ, ನೀರು ನಿಲ್ಲುವುದು ಅಲ್ಲೇ. ಒಣ ಬಟ್ಟೆಯಿಂದ ಒರೆಸಿ, ಎಣ್ಣೆ ತಾಗಿಸಿದ ಬಟ್ಟೆಯಲ್ಲಿ ಒಂದೊಂದನ್ನೇ ಸವರುತ್ತೇನೆ, ಡಿಸ್ಕಿಗೂ ಟೈರಿಗೂ ಒಂದು ಹನಿ ತಾಗದ ಹಾಗೆ. ಅದೇ ಹೊತ್ತಿಗೆ ಸಣ್ಣ ಸ್ಪ್ಯಾನರಿನಿಂದ ಪ್ರತಿ ಸ್ಪೋಕನ್ನೂ ತಟ್ಟುತ್ತೇನೆ. ಬಿಗಿ ಇದ್ದದ್ದು ಟಿಣ್ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ಟಪ್ ಎನ್ನುತ್ತದೆ. ಒಂದು ಚಕ್ರ ಸುತ್ತಿ ಬಂದರೆ ಕಿವಿಗೇ ಲೆಕ್ಕ ಸಿಗುತ್ತದೆ.

ಚೈನಿಗೆ ಎಣ್ಣೆ ಹಾಕುವುದು ಗಾಡಿ ಓಡಿ ಬಂದು ಚೈನು ಬೆಚ್ಚಗಿರುವಾಗ, ಒಳಬದಿಯಿಂದ. ಚಕ್ರವನ್ನು ಕೈಯಲ್ಲಿಯೇ ತಿರುಗಿಸಬೇಕು. ಎಂಜಿನ್ ಸ್ಟಾರ್ಟ್ ಮಾಡಿ ಗೇರು ಹಾಕಿ ಚೈನು ಒರೆಸುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಬಟ್ಟೆ ಸಿಕ್ಕಿಕೊಂಡರೆ ಬೆರಳು ಹೋದಂತೆಯೇ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಸಡಿಲ ನೋಡುವಾಗ ಇನ್ನೊಂದು ಉಂಟು. ಗಾಡಿಯ ಮೇಲೆ ಭಾರ ಬಿದ್ದಾಗ ಹಿಂದಿನ ಚಕ್ರ ಹಿಡಿದಿರುವ ತೋಳು (ಸ್ವಿಂಗ್ ಆರ್ಮ್) ಮೇಲೆ ಬಂದು ಚೈನು ಬಿಗಿಯಾಗುತ್ತದೆ. ಖಾಲಿ ಗಾಡಿಯಲ್ಲಿ ಟೈಟ್ ಮಾಡಿದರೆ ಹಿಂದೆ ಅಮ್ಮ ಕೂತಾಗ ಅದು ಬೇರಿಂಗನ್ನು ಎಳೆಯುತ್ತದೆ. ಅದಕ್ಕೆ ಒಬ್ಬರನ್ನು ಕೂರಿಸಿಯೇ ಒಮ್ಮೆ ನೋಡುವುದು ಒಳ್ಳೆಯದು. ಅಮ್ಮ ಬರುವ ದಿನ ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನೂ ಒಂದು ಹಂತ ಬಿಗಿ ಮಾಡುತ್ತೇನೆ, ಹಂಪ್‌ಗಳಲ್ಲಿ ತಳ ತಾಗುವುದಿಲ್ಲ.

ಎಂಜಿನ್ನಿಗೆ ಪೆಟ್ರೋಲು ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್ ಇರುವ ಗಾಡಿಯವರಿಗೆ ಮಳೆಗಾಲದ ಇನ್ನೊಂದು ಕೆಲಸ. ಈಗ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆಸುತ್ತಾರೆ, ಎಥನಾಲಿಗೆ ನೀರು ಎಳೆದುಕೊಳ್ಳುವ ಗುಣ ಉಂಟು. ಗಾಡಿ ನಿಂತಲ್ಲೇ ನಿಂತರೆ ನೀರು ಬೇರೆಯಾಗಿ ಕಾರ್ಬುರೇಟರಿನ ಬಟ್ಟಲಿನ ತಳದಲ್ಲಿ ಕೂರುತ್ತದೆ. ಬಟ್ಟಲಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಸೀಸೆಗೆ ಸ್ವಲ್ಪ ಇಳಿಸಿದರೆ ತಳದಲ್ಲಿ ನೀರಿನ ಗುಳ್ಳೆ ಕಣ್ಣಿಗೇ ಕಾಣುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗದ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ. ಟ್ಯಾಂಕ್ ತುಂಬಿಸಿಯೇ ಇಡುತ್ತೇನೆ, ಖಾಲಿ ಜಾಗ ಕಡಿಮೆ ಇದ್ದರೆ ಒಳಗೆ ತೇವ ಕಟ್ಟುವುದೂ ಕಡಿಮೆ. ಪ್ಲಾಸ್ಟಿಕ್ ಕವರ್ ಹೊದೆಸುವುದಿಲ್ಲ, ಒಳಗಿನ ಹಸಿ ಒಳಗೇ ಉಳಿದು ಕ್ರೋಮನ್ನು ತಿನ್ನುತ್ತದೆ.

ಸೈಲೆನ್ಸರ್ ಬದಲಿಸು ಎಂದು ಹೇಳದ ಗೆಳೆಯರಿಲ್ಲ. ನನಗೆ ಮನಸ್ಸಿಲ್ಲ. ಹೊಗೆ ಹೋಗುವ ದಾರಿ ಸಡಿಲಾದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ ಕೂಡ ಅದಕ್ಕೆ ತಕ್ಕ ಹಾಗೆ ಬದಲಾಗಬೇಕು, ಇಲ್ಲದಿದ್ದರೆ ಪೆಟ್ರೋಲ್ ಕಡಿಮೆ ಗಾಳಿ ಹೆಚ್ಚಾಗಿ ಎಂಜಿನ್ ಬಿಸಿಯಾಗುತ್ತದೆ. ಕಾನೂನೂ ಉಂಟು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ, ಆರ್‌ಸಿಯಲ್ಲಿ ದಾಖಲಾದ ವಿವರಕ್ಕೆ ವ್ಯತ್ಯಾಸ ಬರುವ ಮಾರ್ಪಾಡು ಮಾಡಬಾರದು. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನೇ ಗಟ್ಟಿಯಾಗಿ ಹೇಳಿತು. 182ಎ ಕಲಂನಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ 6 ತಿಂಗಳ ತನಕ ಸಜೆಗೆ ಅವಕಾಶ ಇದೆ. ನನ್ನ ಗಾಡಿಯ ಬಣ್ಣ, ಎಂಜಿನ್, ಸೈಲೆನ್ಸರ್, ಟೈರಿನ ಅಳತೆ ಎಲ್ಲ ಕಂಪನಿಯದ್ದೇ. ರೈಸರ್, ವಿಂಡ್‌ಶೀಲ್ಡ್, ಬ್ಯಾಗ್ ಹಿಡಿದಿಡುವ ಕಂಬಿ ಮೂರೂ ಬೋಲ್ಟ್ ಬಿಚ್ಚಿದರೆ ಬರುವಂಥವು.

ಹೀಗೆ ಹದಕ್ಕೆ ಬಂದ ಗಾಡಿಯ ಸುಖ ಸಿಗುವುದು ಐದನೇ ಗೇರಿನಲ್ಲಿ, 65ರಿಂದ 75ರ ಒಳಗೆ. ಒಂದೇ ಸಿಲಿಂಡರಿನ ಆ ನಿಧಾನದ ಬಡಿತ ಪಾದದಲ್ಲಿ, ಅಂಗೈಯಲ್ಲಿ ಹಿತವಾಗಿ ಕೇಳಿಸುತ್ತದೆ. 90ಕ್ಕೆ ಏರಿಸಿದರೆ ಕನ್ನಡಿಯಲ್ಲಿ ಹಿಂದಿನ ಬಸ್ಸು ಮಸುಕು. ಕೂಳೂರಿನಲ್ಲಿ ಫಲ್ಗುಣಿ, ಪಾವಂಜೆಯಲ್ಲಿ ನಂದಿನಿ, ಮುಲ್ಕಿಯಲ್ಲಿ ಶಾಂಭವಿ, ಉದ್ಯಾವರದಲ್ಲಿ ಪಾಪನಾಶಿನಿ, ಕಲ್ಯಾಣಪುರದಲ್ಲಿ ಸ್ವರ್ಣಾ. ಒಂದೊಂದು ಸೇತುವೆಯಲ್ಲಿಯೂ ಗಾಳಿ ಬದಿಯಿಂದ ಬರುತ್ತದೆ, ತಗ್ಗಿನಲ್ಲಿ ಭಾರ ಇರುವ ಈ ಗಾಡಿ ಅಲುಗದೆ ದಾಟುತ್ತದೆ. ಇಷ್ಟು ಹೊಳೆ ದಾಟಿ ಮನೆಗೆ ಹೋಗುವ ಭಾಗ್ಯ ಎಷ್ಟು ಜನಕ್ಕಿದೆ!

ಆಗುಂಬೆಗೆ ಬೇರೆಯೇ ಕೈ ಬೇಕು. ಹೆಬ್ರಿ, ಸೋಮೇಶ್ವರ ದಾಟಿದರೆ 14 ಹೇರ್‌ಪಿನ್ ತಿರುವು. ಉದ್ದದ ಗಾಡಿ, ತಗ್ಗಿನ ಫುಟ್‌ರೆಸ್ಟ್. ಹೆಚ್ಚು ವಾಲಿಸಿದರೆ ರಸ್ತೆಗೆ ಉಜ್ಜುತ್ತದೆ. ತಿರುವಿಗೆ ಮೊದಲೇ ಎರಡನೇ ಗೇರಿಗೆ ಬಂದು, ಕಣ್ಣು ತಿರುವಿನ ಕೊನೆಗೆ ನೆಟ್ಟು, ಆಕ್ಸಿಲರೇಟರ್ ಒಂದೇ ಹದದಲ್ಲಿ ಹಿಡಿದರೆ ಇದು ಆರಾಮವಾಗಿ ಹತ್ತುತ್ತದೆ. ಇಳಿಯುವಾಗಲೂ ಹತ್ತಿದ ಗೇರೇ. ನನ್ನ ಗಾಡಿಗೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ, ಹಿಂದೆ ಡ್ರಮ್ ಬ್ರೇಕು. ಅದನ್ನೇ ಒತ್ತಿ ಹಿಡಿದು ಇಳಿದರೆ ಬಿಸಿಯಾಗಿ ಹಿಡಿತ ಬಿಡುತ್ತದೆ, ಒದ್ದೆ ಎಲೆಯ ಮೇಲೆ ಲಾಕ್ ಆಗುತ್ತದೆ. ಅರ್ಧಕ್ಕಿಂತ ಹೆಚ್ಚು ಕೆಲಸ ಎಂಜಿನ್ನಿಗೆ ಬಿಡಬೇಕು. ಹತ್ತಿ ಬರುವ ಗಾಡಿಗೆ ದಾರಿ ಬಿಡಬೇಕು, ತಿರುವಿನ ಮಧ್ಯೆ ನಿಂತ ಮಿನಿ ಬಸ್ಸಿಗೆ ಹಿಂದೆ ಬರಲಿಕ್ಕೆ ಆಗುವುದಿಲ್ಲ.

ಈ ವರ್ಷ ಮಳೆ ಹಿಡಿಯುವ ಮೊದಲು ಎರಡು ಕೆಲಸ ಬಾಕಿ ಉಂಟು. ಮುಂದಿನ ಫೋರ್ಕಿನ ಆಯಿಲ್ ಬದಲಿಸಬೇಕು, ಬ್ರೇಕ್ ಹಾಕಿದಾಗ ಮೂತಿ ಹೆಚ್ಚು ಮುಳುಗುತ್ತಿದೆ. ಹಿಂದಿನ ಟೈರಿನ ತೋಡು ಸವೆತದ ಗುರುತಿಗೆ ಹತ್ತಿರ ಬಂದಿದೆ, ಅದೇ 130/90-15 ಅಳತೆಯದ್ದನ್ನು ಅಂಗಡಿಯಲ್ಲಿ ತೆಗೆದಿಡಲಿಕ್ಕೆ ಹೇಳಿದ್ದೇನೆ.