8051ರ ಅಸೆಂಬ್ಲಿ ಕೋಡನ್ನು ಆರ್ಮ್ ಚಿಪ್‌ಗೆ ತಂದ ಅನುಭವ

ಬಾಟಲಿಗೆ ದ್ರವ ತುಂಬುವ ಯಂತ್ರವೊಂದರ ನಿಯಂತ್ರಕದಲ್ಲಿ 8051 ಎಂಬ ಹಳೆಯ ಮೈಕ್ರೊಕಂಟ್ರೋಲರ್ ಚಿಪ್ ಇತ್ತು. ಪ್ರೋಗ್ರಾಮ್ ಪೂರ್ತಿ ಅಸೆಂಬ್ಲಿಯಲ್ಲಿ, ಅಂದರೆ ಚಿಪ್‌ನ ಒಂದೊಂದು ಆದೇಶವನ್ನೂ ನೇರವಾಗಿ ಬರೆಯುವ ಭಾಷೆಯಲ್ಲಿ. ಬರೆದವರು ಕೆಲಸ ಬಿಟ್ಟು ವರ್ಷಗಳಾಗಿದ್ದವು, ಟಿಪ್ಪಣಿಗಳು ಅಲ್ಲೊಂದು ಇಲ್ಲೊಂದು. ಹಳೆಯ ಬೋರ್ಡಿನ ಬಿಡಿಭಾಗಗಳು ಸಿಗುವುದು ಕಷ್ಟವಾದಾಗ, ಅದೇ ಕೆಲಸವನ್ನು 48 ಮೆಗಾಹರ್ಟ್ಸ್‌ನಲ್ಲಿ ಓಡುವ ಆರ್ಮ್ ಕಾರ್ಟೆಕ್ಸ್-ಎಂ0 ಚಿಪ್‌ಗೆ ತರುವ ಹೊಣೆ ನನಗೆ ಬಂತು.

ಮೊದಲು ನಾನು ಹಿಡಿದದ್ದು ಮಕ್ಕಿಕಾಮಕ್ಕಿಯ ದಾರಿ. 8051ರ ಒಂದೊಂದು ಸಾಲಿಗೂ ಆರ್ಮ್‌ನ ಸಮಾನ ಸಾಲು ಬರೆಯುತ್ತಾ ಹೋದೆ. ಅದು ಕೈಕೊಟ್ಟದ್ದು ಕಳೆಯುವ ಲೆಕ್ಕದಲ್ಲಿ. 8051ರಲ್ಲಿ ಕಳೆಯಲು ಇರುವ ಆದೇಶ ಸಬ್‌ಬಿ ಒಂದೇ. ಅದು ಕ್ಯಾರಿ ಬಿಟ್ಟನ್ನೂ (ಹಿಂದಿನ ಲೆಕ್ಕದ ಸಾಲವನ್ನು ನೆನಪಿಡುವ ಬಿಟ್) ಸೇರಿಸಿ ಕಳೆಯುತ್ತದೆ. ಆದ್ದರಿಂದ ಅದಕ್ಕೂ ಮುಂಚೆ ಕ್ಯಾರಿಯನ್ನು ಸೊನ್ನೆ ಮಾಡುವುದು ವಾಡಿಕೆ. ಆ ಎರಡೂ ಸಾಲುಗಳನ್ನು ನಾನು ಇದ್ದ ಹಾಗೆಯೇ ತಂದೆ. 50ರಲ್ಲಿ 20 ಕಳೆದರೆ 29 ಬಂತು! ಆರ್ಮ್‌ನಲ್ಲಿ ಕಳೆಯುವಾಗ ಕ್ಯಾರಿಯ ಅರ್ಥ ತಿರುವುಮುರುವು: 1 ಇದ್ದರೆ ಸಾಲವಿಲ್ಲ, 0 ಇದ್ದರೆ ಸಾಲವಿದೆ. ಹೋಲಿಕೆಯ ನಂತರ ಕ್ಯಾರಿ ನೋಡಿ ಜಿಗಿಯುವ ಜಾಗಗಳಲ್ಲೂ ಇದೇ ಪಾಡು. ‘ಗುರಿ ಮುಟ್ಟಿತೇ’ ಎಂಬ ಪ್ರಶ್ನೆಗೆ ಉತ್ತರ ಉಲ್ಟಾ ಆಗಿ, ತೆರೆಯಬೇಕಾದ ಕವಾಟ ಮುಚ್ಚಿಯೇ ಇರುತ್ತಿತ್ತು.

ಅಲ್ಲಿಗೆ ಆ ದಾರಿ ಬಿಟ್ಟೆ. ಪ್ರತಿ ಸಬ್‌ರೂಟೀನ್ (ಒಂದು ಕೆಲಸಕ್ಕೆ ಮೀಸಲಾದ ಕೋಡಿನ ತುಂಡು) ಏನು ಮಾಡುತ್ತದೆ, ಯಾವ ರಿಜಿಸ್ಟರಿನಲ್ಲಿ (ಪ್ರೊಸೆಸರಿನೊಳಗಿನ ಪುಟ್ಟ ಗೂಡು) ಏನು ತೆಗೆದುಕೊಂಡು ಎಲ್ಲಿ ಏನು ಬಿಟ್ಟು ಹೋಗುತ್ತದೆ ಎಂದು ಕಾಗದದ ಮೇಲೆ ಬರೆದುಕೊಂಡು, ಅದನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದೆ. ಕೊನೆಗೆ ಅಸೆಂಬ್ಲಿಯಲ್ಲಿ ಉಳಿದದ್ದು ಚಿಪ್ ಶುರುವಾಗುವಾಗ ಓಡುವ ಕಡತವೊಂದೇ.

ಆದರೆ ಕೋಡಿನಲ್ಲಿ ಬರೆಯದೇ ಬಿಟ್ಟದ್ದನ್ನು ಓದುವುದು ಹೇಗೆ? ಇದನ್ನು ನನಗೆ ಕಲಿಸಿದ್ದು ಎರಡು ಸಾಲಿನ ಎಲ್‌ಸಿಡಿ ಪರದೆ. ಹಳೆಯ ಬೋರ್ಡಿನಲ್ಲಿ ಸ್ಪಷ್ಟವಾಗಿ ಮೂಡುತ್ತಿದ್ದ ಅಕ್ಷರಗಳು ಹೊಸದರಲ್ಲಿ ಒಮ್ಮೆ ಸರಿ, ಒಮ್ಮೆ ಕಸ. ಸಿ ಕೋಡನ್ನು ಹಳೆಯದರ ಪಕ್ಕದಲ್ಲಿಟ್ಟು ಮತ್ತೆ ಮತ್ತೆ ಓದಿದೆ, ತಪ್ಪು ಕಾಣಲಿಲ್ಲ. ಪಿನ್‌ಗಳ ಏರಿಳಿತವನ್ನು ದಾಖಲಿಸುವ ಲಾಜಿಕ್ ಅನಲೈಸರ್ ಜೋಡಿಸಿ, ‘ಈಗ ಓದಿಕೋ’ ಎಂದು ಪರದೆಗೆ ಹೇಳುವ ಎನೇಬಲ್ ಪಿನ್ ನೋಡಿದಾಗ ಗುಟ್ಟು ಬಯಲಾಯಿತು. ಹಳೆಯ ಕೋಡು ಪಿನ್ನನ್ನು ಮೇಲೆ ಎತ್ತಿ ಮರುಸಾಲಿನಲ್ಲೇ ಕೆಳಗಿಳಿಸುತ್ತಿತ್ತು. ಅಲ್ಲಿ ಚಿಪ್‌ಗೆ ತಾಳ ಕೊಡುತ್ತಿದ್ದದ್ದು 11.0592 ಮೆಗಾಹರ್ಟ್ಸ್ ಹರಳು, ಅದರ 12 ಕ್ಲಾಕ್‌ಗೆ ಒಂದು ಮೆಷಿನ್ ಸೈಕಲ್, ಪಿನ್ ಇಳಿಸುವ ಆದೇಶಕ್ಕೆ ಅಂಥದ್ದೊಂದು ಸೈಕಲ್. ಹೀಗಾಗಿ ಪಲ್ಸ್ ತಾನಾಗಿಯೇ 1.085 ಮೈಕ್ರೋಸೆಕೆಂಡ್ ಅಗಲವಿರುತ್ತಿತ್ತು. ಪರದೆಯೊಳಗಿನ ಎಚ್‌ಡಿ44780 ಚಿಪ್‌ಗೆ 5 ವೋಲ್ಟ್‌ನಲ್ಲಿ ಕನಿಷ್ಠ 230 ನ್ಯಾನೊಸೆಕೆಂಡ್‌ನ ಪಲ್ಸ್ ಬೇಕು. ಹೊಸ ಚಿಪ್‌ನಲ್ಲಿ ಒಂದು ಕ್ಲಾಕ್ ಎಂದರೆ 21 ನ್ಯಾನೊಸೆಕೆಂಡ್‌ಗೂ ಕಡಿಮೆ. ಅದೇ ಎರಡು ಸಾಲು ಕೊಡುತ್ತಿದ್ದ ಪಲ್ಸ್ ಪರದೆಯ ಗಮನಕ್ಕೆ ಬರುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಹಳೆಯ ಪ್ರೊಸೆಸರಿನ ನಿಧಾನವೇ ಅಲ್ಲಿ ಕಾಯುವ ಕೆಲಸ ಮಾಡುತ್ತಿತ್ತು. ಅದನ್ನು ಯಾರೂ ಬರೆದಿಡುವ ಅಗತ್ಯವೇ ಬಿದ್ದಿರಲಿಲ್ಲ.

ಆಮೇಲೆ ಪಿನ್ ಮುಟ್ಟುವ ಪ್ರತಿ ಸಾಲನ್ನೂ ಅನುಮಾನದಿಂದ ನೋಡಿ, ಡೇಟಾಶೀಟಿನ (ತಯಾರಕರ ವಿವರಪತ್ರ) ಕನಿಷ್ಠ ಸಮಯಗಳ ಜೊತೆ ತಾಳೆ ಹಾಕಿದೆ. ಕಣ್ಣಿಗೆ ಕಾಣುವ ವಿಳಂಬಗಳು ಸುಲಭದವು. ಒಂದು ರಿಜಿಸ್ಟರಿಗೆ 250 ತುಂಬಿ, ಒಂದೊಂದೇ ಕಳೆಯುತ್ತಾ ಸೊನ್ನೆಯಾಗುವ ತನಕ ಹಿಂದಕ್ಕೆ ಜಿಗಿಯುವ ಡಿಜೆಎನ್‌ಝಡ್ ಆದೇಶದಿಂದ ಸುತ್ತಿಸಿದರೆ, ಸುತ್ತಿಗೆ ಎರಡು ಸೈಕಲ್‌ನಂತೆ 500 ಸೈಕಲ್, ಸುಮಾರು 543 ಮೈಕ್ರೋಸೆಕೆಂಡ್. ಅವನ್ನೆಲ್ಲ ಟೈಮರ್‌ಗೆ ಒಪ್ಪಿಸಿದೆ. ಸಿ ಭಾಷೆಯಲ್ಲಿ ಖಾಲಿ ಲೂಪ್ ಬರೆದರೆ, ಕೋಡನ್ನು ಚಿಪ್‌ನ ಆದೇಶಗಳಾಗಿಸುವ ಕಂಪೈಲರ್ ಅದನ್ನು ಅಳಿಸಿಹಾಕಬಹುದು, ನೆಚ್ಚಿಕೊಳ್ಳಬೇಡಿ. ಅಂದಹಾಗೆ, ಆ ವಿಚಿತ್ರವಾದ 11.0592ರ ಬಗ್ಗೆ ನನಗೆ ಮೆಚ್ಚುಗೆಯಿದೆ: 12ರಿಂದ, 32ರಿಂದ, ಮತ್ತೆ 3ರಿಂದ ಭಾಗಿಸಿದರೆ ಶೇಷವೇ ಇಲ್ಲದೆ ಸೀರಿಯಲ್ ಸಂಪರ್ಕದ ಸಾಮಾನ್ಯ ವೇಗವಾದ 9600 ಬಾಡ್ ಸಿಗುತ್ತದೆ.

ಎಲ್ಲ ಸರಿಯಾಯಿತು ಎನಿಸಿದ ಮೇಲೆ ಎರಡೂ ಬೋರ್ಡುಗಳನ್ನು ಮೇಜಿನ ಮೇಲೆ ಅಕ್ಕಪಕ್ಕದಲ್ಲಿಟ್ಟೆ. ಹರಿವು ಅಳೆಯುವ ಮೀಟರಿನ ಪಲ್ಸ್‌ಗಳನ್ನು ಒಂದೇ ಮೂಲದಿಂದ ಎರಡಕ್ಕೂ ಕೊಟ್ಟು, ಎರಡೂ ಸೀರಿಯಲ್ ತಂತಿಯಲ್ಲಿ ಕಳಿಸುವ ಅಕ್ಷರಗಳ ಸಾಲುಗಳನ್ನು ಕಂಪ್ಯೂಟರಿನಲ್ಲಿ ಹೋಲಿಸುವಂತೆ ಮಾಡಿದೆ. ಮೂರನೆಯ ದಿನ ಹೊಸ ಬೋರ್ಡು ಒಂದು ಬಾಟಲಿಯ ಲೆಕ್ಕವನ್ನೇ ತಪ್ಪಿಸಿತ್ತು. ಒಂದೇ ಒಂದು. ಇಂಥ ತಪ್ಪಿನ ಜಾಡು ಹಿಡಿಯುವುದೇ ಈ ಕೆಲಸದ ನಿಜವಾದ ಕಷ್ಟ, ಏಕೆಂದರೆ ಮತ್ತೆ ಮಾಡಿ ತೋರಿಸು ಎಂದರೆ ಅದು ತೋರಿಸುವುದಿಲ್ಲ.

ಕೊನೆಗೆ ಸಿಕ್ಕ ಕಾರಣ ಇದು. 8051ರಲ್ಲಿ 16 ಬೈಟ್‌ಗಳ ಒಂದು ಜಾಗವಿದೆ. ಅಲ್ಲಿಯ 128 ಬಿಟ್‌ಗಳಲ್ಲಿ ಯಾವುದನ್ನಾದರೂ ಒಂದೇ ಆದೇಶದಿಂದ ಏರಿಸಬಹುದು, ಇಳಿಸಬಹುದು. ಆ ಒಂದು ಆದೇಶದ ಮಧ್ಯೆ ಇಂಟರಪ್ಟ್ (ನಡೆಯುತ್ತಿರುವ ಕೆಲಸ ನಿಲ್ಲಿಸಿ ನಡುವೆ ಓಡುವ ತುರ್ತು ಕೋಡು) ನುಗ್ಗಲಾರದು. ನಾನು ಸಿ ಭಾಷೆಯಲ್ಲೂ ಹೌದು-ಇಲ್ಲ ಎಂದಷ್ಟೇ ಹೇಳುವ ಇಂಥ ಎಂಟು ಗುರುತುಗಳನ್ನು ಒಂದೇ ಬೈಟಿನಲ್ಲಿ ಇಟ್ಟಿದ್ದೆ. ಆದರೆ ಎಂ0 ಅದನ್ನು ಓದಬೇಕು, ಬದಲಿಸಬೇಕು, ಮರಳಿ ಬರೆಯಬೇಕು. ಮುಖ್ಯ ಲೂಪ್ ‘ಮುದ್ರಿಸು’ ಎಂಬ ಗುರುತು ಏರಿಸಲು ಬೈಟನ್ನು ಓದಿದ ಕ್ಷಣದಲ್ಲೇ ಇಂಟರಪ್ಟ್ ಬಂದು ‘ಬಾಟಲಿ ತುಂಬಿತು’ ಎಂದು ಬರೆದಿದೆ. ಮುಖ್ಯ ಲೂಪ್ ಹಿಂತಿರುಗಿ ತನ್ನ ಹಳೆಯ ಪ್ರತಿಯನ್ನು ಅದರ ಮೇಲೆ ಬರೆದು ಅಳಿಸಿಹಾಕಿದೆ.

ಪ್ರತಿ ಗುರುತಿಗೂ ಬೇರೆ ಬೇರೆ ಬೈಟ್ ಕೊಟ್ಟೆ. ಮೆಮೊರಿ ಧಾರಾಳವಾಗಿತ್ತು. ಹೋಲಿಕೆಯನ್ನು ಮೊದಲಿನಿಂದ ಶುರುಮಾಡಿ, ಈ ಸಲ ಹತ್ತು ದಿನ ಓಡಿಸಿದೆ. ಎರಡು ಬೋರ್ಡುಗಳ ಸಾಲುಗಳಲ್ಲಿ ಒಂದಕ್ಷರದ ವ್ಯತ್ಯಾಸವೂ ಬರಲಿಲ್ಲ. ಹನ್ನೊಂದನೆಯ ದಿನ ಹೊಸ ಬೋರ್ಡನ್ನು ಯಂತ್ರಕ್ಕೆ ಕೂರಿಸಿದೆ.