ದಾದಿಯರ ಕಾಲಿಗೂ ಕಣ್ಣಿಗೂ ಹಿತವಾದ ವಾರ್ಡ್: ಒಳವಿನ್ಯಾಸ ಸರಿಪಡಿಸುವುದು ಹೇಗೆ?

ಆಸ್ಪತ್ರೆಯ ಒಳವಿನ್ಯಾಸ ಎಂದ ಕೂಡಲೇ ಗೋಡೆಯ ಬಣ್ಣ, ಸ್ವಾಗತಕೋಣೆಯ ಸೋಫಾ ನೆನಪಾಗುತ್ತವೆ. ರೋಗಿಗಳು ನಾಲ್ಕು ದಿನವಿದ್ದು ಮನೆಗೆ ಹೋಗುತ್ತಾರೆ. ನರ್ಸ್‌ಗಳು ಅದೇ ಗೋಡೆಗಳ ನಡುವೆ ವರ್ಷಗಟ್ಟಲೆ ದುಡಿಯುತ್ತಾರೆ. ಅವರ ಸೊಂಟನೋವು, ತಲೆಸಿಡಿತ, ಡ್ಯೂಟಿ ಮುಗಿಸಿ ಮಲಗಿದ ಮೇಲೂ ಕಿವಿಯಲ್ಲಿ ಉಳಿಯುವ ಬೀಪ್ ಸದ್ದು, ಇವೆಲ್ಲದರಲ್ಲೂ ವಾರ್ಡ್ ಕಟ್ಟಿದ ರೀತಿಯ ಪಾಲಿದೆ. ಒಡೆದು ಹೊಸದಾಗಿ ಕಟ್ಟುವಷ್ಟು ಹಣ ಎಲ್ಲರ ಬಳಿ ಇರುವುದಿಲ್ಲ. ಇರುವ ಕಟ್ಟಡದಲ್ಲೇ ವಾರ್ಡ್ ಇನ್‌ಚಾರ್ಜ್ ಆಗಲಿ, ಆಡಳಿತದವರಾಗಲಿ ಮಾಡಬಹುದಾದ ಕೆಲಸ ಸಾಕಷ್ಟಿದೆ.

ಮೊದಲು ಜೊತೆಯಲ್ಲಿ ನಡೆಯಿರಿ

ವಾರ್ಡಿನ ನಕ್ಷೆಯನ್ನು ಒಂದು ಹಾಳೆಯ ಮೇಲೆ ಒರಟಾಗಿ ಬರೆದುಕೊಳ್ಳಿ. ಒಬ್ಬ ನರ್ಸ್ ಜೊತೆ ಒಂದು ಪಾಳಿ ಪೂರ್ತಿ ಓಡಾಡಿ, ಅವರು ಹೋದಲ್ಲೆಲ್ಲ ಪೆನ್ಸಿಲ್‌ನಿಂದ ಗೆರೆ ಎಳೆಯುತ್ತಾ ಬನ್ನಿ. ಪಾಳಿ ಮುಗಿಯುವ ಹೊತ್ತಿಗೆ ಕೆಲವು ಕಡೆ ಹಾಳೆ ಕಪ್ಪಾಗಿರುತ್ತದೆ. ನಿಮ್ಮ ಕೆಲಸ ಇರುವುದು ಅಲ್ಲಿ. ಅಮೆರಿಕದ 36 ಆಸ್ಪತ್ರೆಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಗಲಿನ ಹತ್ತು ಗಂಟೆಗಳ ಅವಧಿಯಲ್ಲಿ ನರ್ಸ್‌ಗಳು ಸುಮಾರು 1.6ರಿಂದ 8 ಕಿಲೋಮೀಟರ್‌ವರೆಗೆ ನಡೆಯುತ್ತಿದ್ದುದು ಕಂಡುಬಂತು.

ಹೀಗೆ ನಾನು ಒಬ್ಬ ಸಿಸ್ಟರ್ ಹಿಂದೆ ನಡೆದದ್ದು ರಾತ್ರಿ ಪಾಳಿಯಲ್ಲಿ. ಕೊನೆಯ ಮಂಚದ ರೋಗಿಯ ಡ್ರಿಪ್ ನಿಂತು ಕೈ ಊದಿತ್ತು. ಡ್ರಿಪ್‌ಗಾಗಿ ರಕ್ತನಾಳಕ್ಕೆ ತೂರಿಸುವ ಸಣ್ಣ ಕೊಳವೆ, ಅಂದರೆ ಕ್ಯಾನುಲಾ, ನರ್ಸಿಂಗ್ ಸ್ಟೇಷನ್ನಿನ ಕಪಾಟಿನಲ್ಲಿ, ಪ್ಲಾಸ್ಟರ್ ಡ್ರೆಸ್ಸಿಂಗ್ ಟ್ರಾಲಿಯಲ್ಲಿ, ಟ್ರಾಲಿ ಇನ್ನೊಂದು ಕೋಣೆಯಲ್ಲಿ. ಅವರ ಅಳತೆಯ ಗ್ಲೌಸ್‌ಗೆ ಮತ್ತೆ ಸ್ಟೇಷನ್ನಿಗೆ ಬರಬೇಕಾಯಿತು. ಸೂಜಿ ಹಾಕಲು ಎರಡು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಬಳಸಿದ ಸೂಜಿಯನ್ನು ಟ್ರೇಯಲ್ಲಿಟ್ಟುಕೊಂಡು, ಅರೆಗತ್ತಲ ಪ್ಯಾಸೇಜಿನಲ್ಲಿ, ಸೂಜಿಡಬ್ಬ ಇರುವ ತುದಿಯವರೆಗೆ ನಡೆದರು. ಎದುರಿಗೆ ಯಾರಾದರೂ ಡಿಕ್ಕಿ ಹೊಡೆದಿದ್ದರೆ? ಆ ಪ್ರಶ್ನೆ ನನ್ನನ್ನು ಇಂದಿಗೂ ಕಾಡುತ್ತದೆ.

ಸಾಮಾನನ್ನು ಮಂಚದ ಹತ್ತಿರಕ್ಕೆ ತನ್ನಿ

ನಾಲ್ಕಾರು ಮಂಚಗಳಿಗೊಂದು ಚಿಕ್ಕ ಕಪಾಟು ಸಾಕು. ಸಿರಿಂಜ್, ಕ್ಯಾನುಲಾ, ಹತ್ತಿ, ಪ್ಲಾಸ್ಟರ್, ಎಲ್ಲ ಅಳತೆಯ ಗ್ಲೌಸ್ ಅದರಲ್ಲಿರಲಿ. ಪ್ರತಿ ಕಪಾಟಿನಲ್ಲೂ ಜೋಡಣೆ ಒಂದೇ ಥರ ಇದ್ದರೆ ಕತ್ತಲಲ್ಲೂ ಕೈ ತಾನಾಗಿ ಹೋಗುತ್ತದೆ. ಡ್ರಿಪ್ ಬಾಟಲಿಯಂಥ ಭಾರದ ವಸ್ತುಗಳು ಸೊಂಟದಿಂದ ಎದೆಯ ಎತ್ತರದ ನಡುವೆ ಇರಬೇಕು. ದಿನಕ್ಕೆ ನಲವತ್ತು ಸಲ ಬಗ್ಗುವ ಬೆನ್ನು ಯಾವ ವ್ಯಾಯಾಮಕ್ಕೂ ಸರಿಹೋಗುವುದಿಲ್ಲ. ಸೂಜಿಡಬ್ಬ ಮಾತ್ರ ಸೂಜಿ ಬಳಸುವ ಜಾಗದ ಪಕ್ಕದಲ್ಲೇ, ಕೈಗೆಟಕುವ ದೂರದಲ್ಲಿರಲಿ.

ಒಂದು ಎಚ್ಚರಿಕೆ. ಓಡಾಟ ತಗ್ಗಿಸುವ ಉತ್ಸಾಹದಲ್ಲಿ ಸ್ಟೇಷನ್ ತೆಗೆದುಹಾಕಿ, ಪ್ರತಿ ನರ್ಸ್‌ಗೂ ಬೇರೆಬೇರೆ ಮೂಲೆಯಲ್ಲಿ ಮೇಜು ಹಾಕಿದರೆ ಅವರು ಒಂಟಿಯಾಗುತ್ತಾರೆ. ಹೊಸದಾಗಿ ಸೇರಿದ ಹುಡುಗಿ ‘ಅಕ್ಕಾ, ಇದೊಂದು ನೋಡಿ’ ಎಂದು ಪಕ್ಕದವರನ್ನು ಕರೆಯುವಂತಿರಬೇಕು. ಚಿಕ್ಕ ಮೇಜುಗಳಿರಲಿ, ಎಲ್ಲರೂ ಸೇರುವ ಸ್ಟೇಷನ್ನೂ ಇರಲಿ.

ಬೆಳಕು

ರೋಗಿಗೆ ಶುದ್ಧ ಗಾಳಿಯ ನಂತರ ಬೇಕಾದದ್ದು ಬೆಳಕು ಎಂದು ಫ್ಲಾರೆನ್ಸ್ ನೈಟಿಂಗೇಲ್ 1860ರ ಹೊತ್ತಿಗೇ ಬರೆದಿದ್ದರು. ಆರೈಕೆ ಮಾಡುವವರಿಗೂ ಅದು ಬೇಕು. ಟರ್ಕಿಯ ಆಸ್ಪತ್ರೆಯೊಂದರಲ್ಲಿ 141 ನರ್ಸ್‌ಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಕನಿಷ್ಠ ಮೂರು ಗಂಟೆ ಹಗಲ ಬೆಳಕು ಸಿಕ್ಕವರಲ್ಲಿ ಒತ್ತಡ ಕಡಿಮೆಯಿತ್ತು, ಕೆಲಸದ ತೃಪ್ತಿ ಹೆಚ್ಚಿತ್ತು. ಆದ್ದರಿಂದ ಕೇಸ್‌ಶೀಟ್ ಬರೆಯುವ ಮೇಜನ್ನು ಕಿಟಕಿಯ ಬಳಿಗೆ ಸರಿಸಿ. ಕಿಟಕಿಗೆ ಅಡ್ಡ ನಿಂತ ಬೀರುವನ್ನು ಬೇರೆ ಗೋಡೆಗೆ ಕಳುಹಿಸಿ.

ಔಷಧಿ ಸಿದ್ಧಪಡಿಸುವ ಮೇಜಿನ ಮೇಲೆ ನೇರವಾಗಿ ಬೀಳುವ, ನೆರಳಾಗದ, ಪ್ರಖರ ದೀಪವಿರಬೇಕು. ಔಷಧಿ ವಿತರಣೆಯ ಬಗ್ಗೆ 1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೆಳಕನ್ನು ಸುಮಾರು 1,500 ಲಕ್ಸ್‌ಗೆ (ಬೆಳಕಿನ ಪ್ರಖರತೆಯ ಅಳತೆ) ಏರಿಸಿದಾಗ ತಪ್ಪುಗಳು ಇಳಿದಿದ್ದವು. ರಾತ್ರಿ ಪ್ಯಾಸೇಜಿನ ದೀಪ ಮಂದವಾಗಿರಲಿ, ಪ್ರತಿ ಮಂಚಕ್ಕೂ ಬೇರೆ ಸ್ವಿಚ್ ಇರಲಿ. ಒಬ್ಬರ ಡ್ರಿಪ್ ನೋಡಲು ಇಡೀ ವಾರ್ಡನ್ನು ಎಬ್ಬಿಸುವ ವ್ಯವಸ್ಥೆ ಯಾರಿಗೂ ಒಳ್ಳೆಯದಲ್ಲ.

ಸದ್ದಿನ ಮೂಲ ಹುಡುಕಿ

ರಾತ್ರಿ ವಾರ್ಡಿನೊಳಗೆ ಸದ್ದು 30 ಡೆಸಿಬೆಲ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ. ಮಾಮೂಲಿ ಮಾತುಕತೆಯೇ 60ರ ಆಸುಪಾಸು! ಗುರಿ ಮುಟ್ಟುವುದು ಕಷ್ಟ, ಆದರೆ ಟ್ರಾಲಿಯ ಚಕ್ರಕ್ಕೆ ಎಣ್ಣೆ, ಸ್ಟೂಲಿನ ಕಾಲಿಗೆ ರಬ್ಬರ್, ಬಾಗಿಲಿನ ಅಂಚಿಗೆ ಮೆತ್ತನೆಯ ಪಟ್ಟಿ ಹಾಕಲು ಒಂದು ಮಧ್ಯಾಹ್ನ ಸಾಕು. ಫಿನ್‌ಲೆಂಡಿನ ವಾಸ್ತುಶಿಲ್ಪಿ ಅಲ್ವಾರ್ ಆಲ್ಟೊ 1933ರಲ್ಲಿ ಪೂರ್ಣಗೊಂಡ ಪೈಮಿಯೊ ಆರೋಗ್ಯಧಾಮಕ್ಕೆ ನೀರು ಬಿದ್ದರೂ ಸದ್ದಾಗದ ಬೇಸಿನ್ ರೂಪಿಸಿದ್ದರು. ಅಷ್ಟು ಸೂಕ್ಷ್ಮವಾಗಿ ಕಿವಿಗೊಡಬೇಕು. ಮಾನಿಟರ್‌ಗಳ ಅಲಾರಂ ಮಾತ್ರ ಯಾರೂ ತಾವಾಗಿ ಬಂದ್ ಮಾಡಬಾರದು. ವೈದ್ಯರ ಜೊತೆ ಕೂತು ಪ್ರತಿ ರೋಗಿಗೂ ತಕ್ಕ ಮಿತಿ ಹೊಂದಿಸಿಕೊಂಡರೆ ಸುಳ್ಳು ಕೂಗು ತಗ್ಗುತ್ತದೆ.

ವಿಶ್ರಾಂತಿ ಕೋಣೆಯನ್ನು ಕಾಪಾಡಿಕೊಳ್ಳಿ

ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ನರ್ಸ್‌ಗಳಿಗೆಂದು ಚೆಂದದ ಕೋಣೆ ಕೊಟ್ಟಿದ್ದರು. ಮೊದಲು ಒಂದು ಮುರಿದ ವೀಲ್‌ಚೇರ್ ಬಂತು, ‘ಎರಡು ದಿನ ಇರಲಿ ಸಿಸ್ಟರ್’ ಎಂದರು. ಹಿಂದೆಯೇ ಹಾಸಿಗೆಗಳು, ಆಮೇಲೆ ಫೈಲುಗಳ ಗಂಟು. ಕೊನೆಗೆ ನಾವು ಸ್ಟೇಷನ್ನಿನ ಹಿಂದೆ ಗೋಡೆಗೆ ಮುಖಮಾಡಿ ನಿಂತೇ ಊಟ ಮಾಡುತ್ತಿದ್ದೆವು. ಜಾಗದ ಕೊರತೆ ಬಂದಾಗಲೆಲ್ಲ ಮೊದಲು ಹೋಗುವುದು ಈ ಕೋಣೆಯೇ. ಹಾಗಾಗಿ ಅದರ ಬಳಕೆಯನ್ನು ಬರವಣಿಗೆಯಲ್ಲಿ ಖಚಿತಪಡಿಸಿಕೊಂಡು, ಬಾಗಿಲಿಗೆ ಬೋರ್ಡ್ ಹಾಕಿಸಿ.

ಕೋಣೆ ವಾರ್ಡಿಗೆ ಹತ್ತಿರವಿರಲಿ, ದೂರವಿದ್ದರೆ ಯಾರೂ ಹೋಗುವುದಿಲ್ಲ. ಮುಚ್ಚಿಕೊಳ್ಳುವ ಬಾಗಿಲು, ಕಿಟಕಿ, ಕಾಲು ಚಾಚಿ ಒರಗುವ ಕುರ್ಚಿ, ಕುಡಿಯುವ ನೀರು, ಪಕ್ಕದಲ್ಲೇ ಸಿಬ್ಬಂದಿಯ ಶೌಚಾಲಯ ಬೇಕು. ಡ್ಯೂಟಿ ಪಟ್ಟಿ, ಸುತ್ತೋಲೆಗಳನ್ನು ಆ ಗೋಡೆಗೆ ಅಂಟಿಸಬೇಡಿ. ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಿರಾಮದ ಹೊತ್ತನ್ನು ಆಸ್ಪತ್ರೆಯ ತೋಟದಲ್ಲಿ ಕಳೆದ ನರ್ಸ್‌ಗಳ ಭಾವನಾತ್ಮಕ ಬಳಲಿಕೆ ತಗ್ಗಿತ್ತು. ತೋಟವಿಲ್ಲದ ಕಡೆ ನಾಲ್ಕು ಕುಂಡಗಳಿರುವ ಬಾಲ್ಕನಿಯ ಬಾಗಿಲನ್ನಾದರೂ ತೆರೆದಿಡಿ. ನರ್ಸ್ ವಿರಾಮಕ್ಕೆ ಹೋದ ಹದಿನೈದು ನಿಮಿಷ ಅವರ ಪಾಲಿನ ಮಂಚಗಳನ್ನು ನೋಡಿಕೊಳ್ಳುವವರು ಯಾರೆಂದು ಪಾಳಿಯ ಶುರುವಿನಲ್ಲೇ ಗೊತ್ತುಮಾಡಿ. ಅದಿಲ್ಲದಿದ್ದರೆ ಕುರ್ಚಿ ಖಾಲಿಯೇ ಉಳಿಯುತ್ತದೆ.

ಅಂತಿಮಗೊಳಿಸುವ ಮುನ್ನ

ಗೋಡೆಗೆ ಮೊಳೆ ಹೊಡೆಯುವ ಮೊದಲು ಕಪಾಟು ಬರುವ ಜಾಗವನ್ನು ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ. ಅಲ್ಲಿ ಒಂದು ಖಾಲಿ ಟ್ರಾಲಿ ನಿಲ್ಲಿಸಿ ಒಂದು ವಾರ ನಡೆಸಿ ನೋಡಿ. ಸ್ಟ್ರೆಚರ್ ತಿರುಗುತ್ತದೆಯೇ ಎಂಬುದು ಆಗಲೇ ತಿಳಿಯುತ್ತದೆ. ನೈಟ್ ಡ್ಯೂಟಿಯವರನ್ನು ಪ್ರತ್ಯೇಕವಾಗಿ ಕೇಳಿ, ಹಗಲಿನವರಿಗೆ ಕಾಣದ ತೊಡಕುಗಳು ಅವರಿಗೆ ಗೊತ್ತಿರುತ್ತವೆ. ತಿಂಗಳು ಕಳೆದ ಮೇಲೆ ಹೊಸ ಹಾಳೆ ಹಿಡಿದು ಅದೇ ನರ್ಸ್ ಜೊತೆ ಇನ್ನೊಂದು ಪಾಳಿ ನಡೆಯಿರಿ. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಗೆರೆ ಇನ್ನೂ ಎಲ್ಲಿ ಕಪ್ಪಾಗಿದೆ ಎಂದು ಅವರನ್ನೇ ಕೇಳಿ.